ಆಸ್ಪತ್ರೆಯಲ್ಲಿ ರೋಗಿ, ಜೊತೆಗಿರುವವರು, ಸಿಬ್ಬಂದಿ: ಮೂವರೂ ಸುರಕ್ಷಿತವಾಗಿರಲು ಏನು ಮಾಡಬೇಕು?

ಆಸ್ಪತ್ರೆಯ ಸುರಕ್ಷತೆ ಅಂದ ಕೂಡಲೇ ಗೇಟಿನ ಸೆಕ್ಯುರಿಟಿ, ಸಿಸಿಟಿವಿ, ಅಟೆಂಡರ್ ಪಾಸ್ ನೆನಪಾಗುತ್ತವೆ. ಅವೆಲ್ಲ ಬೇಕು, ಬೇಡ ಅನ್ನುವುದಿಲ್ಲ. ಆದರೆ ಬೆಂಗಳೂರಿನ ವಾರ್ಡುಗಳಲ್ಲಿ ನರ್ಸಿಂಗ್ ಕೆಲಸ ಮಾಡಿಕೊಂಡು ಬಂದ ನಾನು ಕಂಡಿದ್ದು ಬೇರೆ. ಒಬ್ಬರಿಗೆ ಗೊತ್ತಿದ್ದ ವಿಷಯ ಇನ್ನೊಬ್ಬರಿಗೆ ತಲುಪದೆ ಹೋದಾಗಲೇ ಹೆಚ್ಚಿನ ಅನಾಹುತ ಆಗುತ್ತದೆ. ರೋಗಿಗೆ ಯಾವ ಔಷಧಿ ಆಗಿಬರುವುದಿಲ್ಲ ಅನ್ನೋದು ಮನೆಯವರಿಗೆ ಗೊತ್ತಿರುತ್ತದೆ, ಡಾಕ್ಟರಿಗೆ ಗೊತ್ತಿರುವುದಿಲ್ಲ. ರೋಗಿಯ ಸ್ಥಿತಿ ಎಷ್ಟು ಗಂಭೀರ ಅನ್ನೋದು ಡಾಕ್ಟರಿಗೆ ಗೊತ್ತಿರುತ್ತದೆ, ಮನೆಯವರಿಗೆ ಯಾರೂ ಹೇಳಿರುವುದಿಲ್ಲ. ಮೊದಲನೆಯದರಿಂದ ರೋಗಿಯ ಜೀವಕ್ಕೆ ಅಪಾಯ. ಎರಡನೆಯದರಿಂದ ಡ್ಯೂಟಿಯಲ್ಲಿರುವವರ ಮೈಮೇಲೆ ಕೈ ಬೀಳುತ್ತದೆ.

2019ರಲ್ಲಿ ನಮ್ಮ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಆಗಿದ್ದು ಹಲವರಿಗೆ ನೆನಪಿರಬಹುದು. ಜುಲೈನಲ್ಲಿ ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ಹಲವರ ದೃಷ್ಟಿ ಹೋಯಿತು. ಅವರ ಸಂಕಟ ನಿಜವಾದದ್ದು. ನವೆಂಬರ್‌ನಲ್ಲಿ ಅದೇ ವಿಷಯಕ್ಕೆ ಜಗಳವಾಗಿ, ಡಾಕ್ಟರ ಮೇಲೆ ಹಲ್ಲೆ ಆಯಿತೆಂದು ಕಿರಿಯ ಡಾಕ್ಟರುಗಳು ಮುಷ್ಕರ ಹೂಡಿದರು. ರಾಜ್ಯದ ಉದ್ದಗಲಕ್ಕೂ ಓಪಿಡಿ, ಅಂದರೆ ಹೊರರೋಗಿ ವಿಭಾಗ, ಬಂದ್ ಕರೆ ಹೋಯಿತು. ದೃಷ್ಟಿ ಕಳೆದುಕೊಂಡವರಿಗೆ ಅದರಿಂದ ದೃಷ್ಟಿ ವಾಪಸ್ ಬರಲಿಲ್ಲ. ಅವತ್ತು ಚೀಟಿ ಮಾಡಿಸಲು ಬಂದ ಸಾವಿರಾರು ಜನ ವಾಪಸ್ ಹೋದರು. ಮೂವರ ಸುರಕ್ಷತೆಯನ್ನು ಬೇರೆ ಬೇರೆ ಮಾಡಿ ನೋಡಲು ಆಗುವುದಿಲ್ಲ ಅಂತ ನಾನು ಹೇಳುವುದು ಇದಕ್ಕೇ.

ಮನೆ ಬಿಡುವುದರಿಂದ ಹಿಡಿದು ಡಿಸ್ಚಾರ್ಜ್ ಆಗಿ ವಾಪಸ್ ಬರುವವರೆಗೆ, ಆಗುವ ಕ್ರಮದಲ್ಲೇ ಬರೆದಿದ್ದೇನೆ. ನೀವು ಕ್ಲಿನಿಕ್ ಅಥವಾ ನರ್ಸಿಂಗ್ ಹೋಮ್ ನಡೆಸುವವರಾದರೆ, ಅಲ್ಲಿ ಕೆಲಸ ಮಾಡುವವರಾದರೆ, ಮಾತು ಜೋರಾಗುವ ಭಾಗವನ್ನು ದಯವಿಟ್ಟು ಬಿಡದೆ ಓದಿ.

ಹೆಜ್ಜೆ 1: ಎಲ್ಲರೂ ಚೆನ್ನಾಗಿರುವಾಗಲೇ ಒಂದು ನೋಟ್‌ಬುಕ್

ಮನೆಯಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಡಿ. ಒಬ್ಬೊಬ್ಬರಿಗೂ ಒಂದು ಪುಟ. ಹೆಸರು, ವಯಸ್ಸು, ಶುಗರ್ ಬಿಪಿ ಇದೆಯಾ, ಹಿಂದೆ ಯಾವ ಆಪರೇಷನ್ ಆಗಿದೆ, ಯಾವ ಔಷಧಿಯಿಂದ ಮೈ ಮೇಲೆ ದದ್ದು ಎದ್ದಿತ್ತು ಅಥವಾ ಉಸಿರು ಕಟ್ಟಿತ್ತು, ಈಗ ದಿನಾ ತೆಗೆದುಕೊಳ್ಳುವ ಮಾತ್ರೆ ಯಾವುದು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ. ಮಕ್ಕಳಾದರೆ ತೂಕವನ್ನೂ ಬರೆಯಿರಿ, ಅವರ ಡೋಸ್ ತೂಕದ ಲೆಕ್ಕದಲ್ಲೇ ಕೊಡುವುದು.

ಕ್ಯಾಶುಯಲ್ಟಿಯಲ್ಲಿ ನಾವು ದಿನಾ ಕೇಳುವ ಉತ್ತರ ಇದು: "ಬೆಳಗ್ಗೆ ಒಂದು ಬಿಳಿ ಮಾತ್ರೆ, ರಾತ್ರಿ ಒಂದು ಪಿಂಕ್ ಮಾತ್ರೆ ಸಿಸ್ಟರ್." ಬಿಳಿ ಮಾತ್ರೆ ಸಾವಿರ ಇವೆ. ಸ್ಟ್ರಿಪ್ ನೋಡೋಣ ಅಂದರೆ ಹೆಸರಿದ್ದ ತುದಿಯನ್ನೇ ಕತ್ತರಿಸಿ ಎಸೆದಿರುತ್ತಾರೆ. ಹಾಗಾಗಿ ಮಾತ್ರೆ ಬಿಡಿಸುವಾಗ ಹೆಸರಿಲ್ಲದ ಕಡೆಯಿಂದ ಶುರು ಮಾಡಿ. ಖಾಲಿಯಾದ ಒಂದು ಸ್ಟ್ರಿಪ್ಪನ್ನು ಆ ಪುಟಕ್ಕೇ ಪಿನ್ ಮಾಡಿ ಇಡಿ. ಮೊಬೈಲಿನಲ್ಲಿ ಫೋಟೋ ಇದ್ದರೂ ಒಳ್ಳೆಯದೇ, ಆದರೆ ಆ ಮೊಬೈಲ್ ರೋಗಿಯ ಜೇಬಿನಲ್ಲೇ ಲಾಕ್ ಆಗಿದ್ದರೆ ಕಷ್ಟ.

ರಕ್ತ ತೆಳುವಾಗಿಸುವ ಮಾತ್ರೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಇಕೋಸ್ಪ್ರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಈ ಜಾತಿಯವು. ಹಾರ್ಟ್‌ಗೆ ಸ್ಟೆಂಟ್ ಹಾಕಿಸಿಕೊಂಡವರು ಬಿದ್ದು ತಲೆಗೆ ಪೆಟ್ಟಾಗಿ ಬಂದರೆ ಡಾಕ್ಟರು ಮೊದಲು ತಿಳಿಯಬೇಕಾದದ್ದೇ ಇದು. ನಾಟಿ ಔಷಧಿ, ಕಷಾಯ, ಆಯುರ್ವೇದದ ಮಾತ್ರೆ ಇದ್ದರೆ ಅದೂ ಇರಲಿ. ಬೈತಾರೆ ಅಂತ ಎಷ್ಟೋ ಜನ ಮುಚ್ಚಿಡುತ್ತಾರೆ. ದಯವಿಟ್ಟು ಮುಚ್ಚಿಡಬೇಡಿ.

ಹೆಜ್ಜೆ 2: ಆಂಬುಲೆನ್ಸ್, ಕ್ಯಾಶುಯಲ್ಟಿ

108ಕ್ಕೆ ಫೋನ್ ಮಾಡಿದಾಗ "4ನೇ ಕ್ರಾಸ್" ಅಂದರೆ ಸಾಲದು. ಬೆಂಗಳೂರಿನ ಪ್ರತಿ ಬಡಾವಣೆಗೂ ಒಂದು 4ನೇ ಕ್ರಾಸ್ ಇದೆ. ಬಡಾವಣೆ, ಹಂತ ಅಥವಾ ಬ್ಲಾಕ್, ಮೇನ್, ಕ್ರಾಸ್, ಹತ್ತಿರದ ದೇವಸ್ಥಾನವೋ ಬೇಕರಿಯೋ, ಎಲ್ಲ ಹೇಳಿ. ಮನೆಯ ಒಬ್ಬರು ಮೇನ್ ರೋಡಿಗೆ ಹೋಗಿ ನಿಂತಿರಲಿ. ಅಪಾರ್ಟ್‌ಮೆಂಟ್ ಆದರೆ ಲಿಫ್ಟ್ ಕೆಳಗೆ ತರಿಸಿ ಹಿಡಿದಿಟ್ಟುಕೊಳ್ಳಿ.

ಹೃದಯಕ್ಕೆ ಜಯದೇವ, ತಲೆ ಪೆಟ್ಟಿಗೆ ನಿಮ್ಹಾನ್ಸ್, ಮೂಳೆಗೆ ಸಂಜಯ ಗಾಂಧಿ, ಸುಟ್ಟ ಗಾಯಕ್ಕೆ ವಿಕ್ಟೋರಿಯಾ, ಹೆರಿಗೆಗೆ ವಾಣಿ ವಿಲಾಸ ಅಂತ ನಮ್ಮೂರಿನವರ ಬಾಯಲ್ಲೇ ಇದೆ. ಸರಿಯೇ. ಆದರೆ ಉಸಿರು ನಿಲ್ಲುತ್ತಿದ್ದರೆ, ರಕ್ತ ಸುರಿಯುತ್ತಿದ್ದರೆ, ಟ್ರಾಫಿಕ್ ದಾಟಿಕೊಂಡು ದೂರ ಹೋಗಬೇಡಿ. ಹತ್ತಿರದ ಎಮರ್ಜೆನ್ಸಿಗೆ ಮೊದಲು, ಅಲ್ಲಿಂದ ಮುಂದಕ್ಕೆ. ತುರ್ತು ಚಿಕಿತ್ಸೆ ಕೊಡುವುದು ಸರ್ಕಾರಿ, ಖಾಸಗಿ ಎರಡರ ಕರ್ತವ್ಯವೂ ಹೌದು ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ ಕಾಯ್ದೆಯ ಪ್ರಕಾರವೂ ತುರ್ತು ಸ್ಥಿತಿಯಲ್ಲಿ ಅಡ್ವಾನ್ಸ್ ಕಟ್ಟಿಲ್ಲ ಅಂತ ಚಿಕಿತ್ಸೆ ನಿಲ್ಲಿಸುವಂತಿಲ್ಲ. ರಸ್ತೆಯಲ್ಲಿ ಬಿದ್ದವರನ್ನು ಕರೆತಂದ ಅಪರಿಚಿತರಿಗೆ ತೊಂದರೆ ಕೊಡಬಾರದೆಂದು ನಮ್ಮ ರಾಜ್ಯದಲ್ಲಿ 2016ರ ಪ್ರತ್ಯೇಕ ಕಾಯ್ದೆಯೇ ಇದೆ. ಹೆದರಿಕೊಂಡು ದಾಟಿ ಹೋಗಬೇಡಿ.

ಕ್ಯಾಶುಯಲ್ಟಿಯಲ್ಲಿ ಮೊದಲು ಬಂದವರಿಗೆ ಮೊದಲು ಅನ್ನುವ ಲೆಕ್ಕ ಇಲ್ಲ. ಯಾರ ಜೀವಕ್ಕೆ ಜಾಸ್ತಿ ಅಪಾಯವೋ ಅವರು ಮೊದಲು. ಕಾಲು ಮುರಿದು ಜೋರಾಗಿ ನರಳುತ್ತಿರುವವರನ್ನು ಬಿಟ್ಟು, ಸುಮ್ನೆ ಬೆವರುತ್ತಾ ಕೂತವರನ್ನು ಒಳಗೆ ಕರೆದುಕೊಂಡು ಹೋದರೆ ಅದು ಪಕ್ಷಪಾತ ಅಲ್ಲ. ಆ ಬೆವರು ಹಾರ್ಟ್ ಅಟ್ಯಾಕ್ ಇರಬಹುದು. ನೀವು ಕಾಯುತ್ತಿರುವಾಗ ರೋಗಿ ಮಂಪರಾದರೆ, ಮಾತು ತೊದಲಿದರೆ, ಉಸಿರಾಟ ಬದಲಾದರೆ, ಸರದಿ ನೋಡದೆ ತಕ್ಷಣ ಸಿಸ್ಟರಿಗೆ ಹೇಳಿ. ಹೇಳಲು ಸಂಕೋಚ ಬೇಡ.

ಸಂಬಂಧಿಕರಲ್ಲಿ ಡಾಕ್ಟರ ಜೊತೆ ಮಾತಾಡುವವರು ಒಬ್ಬರೇ ಇರಲಿ. ಅವರ ಫೋನ್ ನಂಬರನ್ನು ಕೇಸ್ ಶೀಟಿನಲ್ಲಿ ಬರೆಸಿ. ಅದೇ ನೋಟ್‌ಬುಕ್ ಅವರ ಕೈಯಲ್ಲಿರಲಿ. ಡಾಕ್ಟರು ರೌಂಡ್ಸಿನಲ್ಲಿ ಹೇಳಿದ್ದನ್ನು ದಿನಾಂಕ, ಸಮಯ ಹಾಕಿ ಬರೆದುಕೊಳ್ಳಿ. ಐದು ಜನ ಐದು ಸಲ ಕೇಳಿ, ಐದು ಉತ್ತರ ಕೇಳಿಸಿಕೊಂಡು, ಕೊನೆಗೆ "ಒಬ್ಬೊಬ್ಬರು ಒಂದೊಂದು ಹೇಳ್ತಾರೆ" ಅಂತ ಸಿಟ್ಟಾಗುವುದು ಬಹಳ ಸಾಮಾನ್ಯ. ಒಬ್ಬರೇ ಕೇಳಿ ಬರೆದುಕೊಂಡರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ.

ಹೆಜ್ಜೆ 3: ವಾರ್ಡಿನಲ್ಲಿ ಹೆಸರು, ಔಷಧಿ, ಊಟ

ಅಡ್ಮಿಟ್ ಆದ ಕೂಡಲೇ ಕೈಗೆ ಬ್ಯಾಂಡ್ ಕಟ್ಟುತ್ತಾರೆ. ಅದರ ಮೇಲಿನ ಹೆಸರು, ನಂಬರ್ ಸರಿಯಿದೆಯಾ ಅಂತ ನೀವೇ ಓದಿ ನೋಡಿ. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇರುವುದು ಬೆಂಗಳೂರಿನಲ್ಲಿ ಏನೂ ವಿಶೇಷ ಅಲ್ಲ.

ಸಿಬ್ಬಂದಿಗೆ ಒಂದು ಮಾತು. ಇಂಜೆಕ್ಷನ್ ಹಿಡಿದುಕೊಂಡು ಬಂದು "ನೀವು ಲಕ್ಷ್ಮಮ್ಮ ಅಲ್ವಾ?" ಅಂತ ಕೇಳಬೇಡಿ. ಕಿವಿ ಸರಿಯಾಗಿ ಕೇಳದ, ಜ್ವರದಲ್ಲಿರುವ ಅಜ್ಜಿ ಎಲ್ಲದಕ್ಕೂ ಹೂಂ ಅಂತಾರೆ. "ಅಜ್ಜಿ, ನಿಮ್ಮ ಹೆಸರು ಹೇಳಿ" ಅನ್ನಿ. ಅವರ ಬಾಯಿಂದ ಬಂದ ಹೆಸರನ್ನೂ ಬ್ಯಾಂಡಿನ ನಂಬರನ್ನೂ ಕೇಸ್ ಶೀಟಿನ ಜೊತೆ ಹೋಲಿಸಿ. ಹಾಸಿಗೆ ನಂಬರ್ ನಂಬಬೇಡಿ, ರಾತ್ರಿಯಲ್ಲಿ ಹಾಸಿಗೆ ಬದಲಾಗಿರುತ್ತದೆ. ರಕ್ತದ ಸ್ಯಾಂಪಲ್ ತೆಗೆದ ಮೇಲೆ ಟ್ಯೂಬಿಗೆ ಲೇಬಲ್ ಅಲ್ಲೇ, ರೋಗಿಯ ಪಕ್ಕದಲ್ಲೇ ಅಂಟಿಸಿ. ಟ್ರೇಯಲ್ಲಿ ನಾಲ್ಕು ಟ್ಯೂಬ್ ಇಟ್ಟುಕೊಂಡು ಸ್ಟೇಷನ್ನಿಗೆ ಹೋಗಿ ಅಂಟಿಸುವ ಅಭ್ಯಾಸ ಬಹಳ ಅಪಾಯದ್ದು.

ಜೊತೆಗಿರುವವರು ಪ್ರತಿ ಹೊಸ ಔಷಧಿಗೂ ಮೂರು ಪ್ರಶ್ನೆ ಕೇಳಬಹುದು. ಇದು ಯಾವುದು? ಯಾತಕ್ಕೆ? ನಿನ್ನೆ ಇರಲಿಲ್ಲ ಅಲ್ವಾ, ಇವತ್ತು ಯಾಕೆ? ಗೌರವದಿಂದ ಕೇಳಿದರೆ ಒಳ್ಳೆಯ ನರ್ಸ್ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ರಕ್ತ ಹಾಕುವಾಗ ಇಬ್ಬರು ಸಿಬ್ಬಂದಿ ಬ್ಯಾಗಿನ ನಂಬರ್, ಗುಂಪು, ಹೆಸರು ಓದಿ ತಾಳೆ ನೋಡಬೇಕು. ಮೊದಲ 15 ನಿಮಿಷ ಪಕ್ಕದಲ್ಲೇ ಇರಿ. ಚಳಿ, ಜ್ವರ, ಬೆನ್ನು ನೋವು, ತುರಿಕೆ ಬಂದರೆ ಕೂಡಲೇ ಕೂಗಿ.

ಇನ್ಸುಲಿನ್ ವಿಷಯವನ್ನು ನಾನು ವಿಶೇಷವಾಗಿ ಹೇಳಬೇಕು. ಬೆಳಗ್ಗೆ ಇನ್ಸುಲಿನ್ ಕೊಟ್ಟಾಗಿದೆ. ತಿಂಡಿ ಇನ್ನೂ ಬಂದಿಲ್ಲ. ಅಷ್ಟರಲ್ಲಿ ವಾರ್ಡ್ ಬಾಯ್ ವೀಲ್‌ಚೇರ್ ತಂದು "ಸ್ಕ್ಯಾನಿಂಗ್‌ಗೆ ಕರೀತಿದ್ದಾರೆ" ಅಂತಾನೆ. ಸ್ಕ್ಯಾನಿಂಗ್ ಮುಂದೆ ಕ್ಯೂ. ಒಂದು ಗಂಟೆ ಕಳೆಯುವಷ್ಟರಲ್ಲಿ ಶುಗರ್ ಇಳಿದು ರೋಗಿ ಬೆವರಿ, ನಡುಗಿ, ಪ್ರಜ್ಞೆ ತಪ್ಪಬಹುದು. ಇಲ್ಲಿ ಯಾರೂ ಬೇಕಂತ ತಪ್ಪು ಮಾಡಿಲ್ಲ. ಇನ್ಸುಲಿನ್ ಕೊಟ್ಟವರಿಗೆ ಸ್ಕ್ಯಾನಿಂಗ್ ಗೊತ್ತಿಲ್ಲ, ಕರೆದೊಯ್ದವನಿಗೆ ಇನ್ಸುಲಿನ್ ಗೊತ್ತಿಲ್ಲ. ಎರಡೂ ಗೊತ್ತಿರುವವರು ಜೊತೆಗಿರುವ ನೀವು ಮಾತ್ರ. "ಇನ್ಸುಲಿನ್ ಆಗಿದೆ, ತಿಂಡಿ ಆಗಿಲ್ಲ" ಅನ್ನುವ ಒಂದು ವಾಕ್ಯ ಹೇಳಿ, ಸಿಸ್ಟರನ್ನು ಕೇಳಿದ ಮೇಲೆ ಹೊರಡಿ.

ಡ್ರಿಪ್ ನಿಧಾನ ಅಂತ ನೀವೇ ಗಾಲಿ ತಿರುಗಿಸಬೇಡಿ. ಸೂಜಿ ಚುಚ್ಚಿದ ಜಾಗ ಊದಿದರೆ, ಉರಿದರೆ ಹೇಳಿ. ಆಪರೇಷನ್ ಇದ್ದರೆ ಎಡಗಾಲೋ ಬಲಗಾಲೋ ಅನ್ನುವುದನ್ನು ರೋಗಿ ಎಚ್ಚರವಿರುವಾಗಲೇ ಕೈಯಿಂದ ಮುಟ್ಟಿ ತೋರಿಸಲಿ, ಡಾಕ್ಟರು ಪೆನ್ನಿನಲ್ಲಿ ಗುರುತು ಹಾಕಲಿ. ಅರಿವಳಿಕೆಗೆ ಮುಂಚೆ, ಕೊಯ್ಯುವುದಕ್ಕೆ ಮುಂಚೆ, ಓಟಿಯಿಂದ (ಆಪರೇಷನ್ ಕೋಣೆಯಿಂದ) ಹೊರಗೆ ಕಳಿಸುವುದಕ್ಕೆ ಮುಂಚೆ, ಮೂರು ಸಲ ನಿಂತು ಪರೀಕ್ಷಿಸುವ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಕೊಟ್ಟಿದೆ. ನಿಮ್ಮ ನರ್ಸಿಂಗ್ ಹೋಮ್ ಎಷ್ಟೇ ಚಿಕ್ಕದಿರಲಿ, ಆ ಪಟ್ಟಿ ಓಟಿ ಗೋಡೆಯ ಮೇಲಿರಲಿ, ಜೋರಾಗಿ ಓದಿ.

ರೋಗಿಗಳು ಬೀಳುವುದು ಬಹಳ ಸಲ ರಾತ್ರಿ ಬಾತ್‌ರೂಮಿಗೆ ಎದ್ದಾಗ. ಜೊತೆಗಿರುವವರು ನಿದ್ದೆಯಲ್ಲಿದ್ದಾರೆ, ಎಬ್ಬಿಸೋದು ಬೇಡ ಅಂತ ಹಿರಿಯರು ಮೆಲ್ಲಗೆ ಇಳಿಯುತ್ತಾರೆ. ಮಲಗುವ ಮುಂಚೆ ಒಮ್ಮೆ ಕರೆದುಕೊಂಡು ಹೋಗಿ ಬನ್ನಿ. ಮಂಚದ ಪಕ್ಕದ ಕಂಬಿ ಮೇಲೆತ್ತಿ, ಚಕ್ರದ ಲಾಕ್ ಹಾಕಿದೆಯಾ ನೋಡಿ, ಕಾಲಿಂಗ್ ಬೆಲ್ ಮತ್ತು ಕನ್ನಡಕ ಕೈಗೆ ಸಿಗುವಂತಿಡಿ.

ಹೆಜ್ಜೆ 4: ನೋಡಲು ಬರುವವರು

ನೆಗಡಿ, ಕೆಮ್ಮು, ಜ್ವರ, ಭೇದಿ ಇದ್ದರೆ ಬರಬೇಡಿ, ಫೋನಿನಲ್ಲಿ ಮಾತಾಡಿ. ಚಿಕ್ಕ ಮಕ್ಕಳನ್ನು ಮನೆಯಲ್ಲೇ ಬಿಟ್ಟು ಬನ್ನಿ. ರೋಗಿಯನ್ನು ಮುಟ್ಟುವ ಮುಂಚೆ, ಮುಟ್ಟಿದ ಮೇಲೆ ಸ್ಯಾನಿಟೈಜರ್ ಹಾಕಿ 20ರಿಂದ 30 ಸೆಕೆಂಡು ಉಜ್ಜಿ. ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ ಬಿಡಬೇಡಿ. ಡಾಕ್ಟರು, ನರ್ಸ್ ಮರೆತರೆ ನೆನಪಿಸುವ ಹಕ್ಕು ನಿಮಗಿದೆ.

ಬರಿಗೈಲಿ ಹೋಗೋದು ಹೇಗೆ ಅಂತ ಗೇಟಿನ ಹತ್ತಿರ ಎಳನೀರು, ಬಾಳೆಹಣ್ಣು ಕೊಂಡು ತರುವುದು ನಮ್ಮ ರೂಢಿ. ಕಿಡ್ನಿ ಕೆಟ್ಟವರಿಗೆ ಈ ಎರಡೂ ಅಪಾಯ. ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ, ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಲಕ್ವ ಹೊಡೆದವರಿಗೆ ಮಲಗಿಸಿಕೊಂಡು ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಏನು ಕೊಡುವುದಿದ್ದರೂ ಸಿಸ್ಟರನ್ನು ಕೇಳಿ ಕೊಡಿ. ಆಕ್ಸಿಜನ್ ಇರುವ ಜಾಗದಲ್ಲಿ ಊದಿನಕಡ್ಡಿ, ಕರ್ಪೂರ ಹಚ್ಚಲೇಬೇಡಿ. ದೇವರ ಕುಂಕುಮ, ಪ್ರಸಾದ ದಿಂಬಿನ ಬಳಿ ಇಡಲು ಯಾರೂ ಬೇಡ ಅನ್ನುವುದಿಲ್ಲ.

ಎಂಆರ್‌ಐ ಕೋಣೆಯ ವಿಷಯದಲ್ಲಿ ಯಾರ ಮಾತನ್ನೂ ಸುಮ್ಮನೆ ನಂಬಬೇಡಿ. 2018ರ ಜನವರಿಯಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ರೋಗಿಯ ಜೊತೆ ಬಂದಿದ್ದ ಯುವಕ ಆಕ್ಸಿಜನ್ ಸಿಲಿಂಡರ್ ಹಿಡಿದು ಎಂಆರ್‌ಐ ಕೋಣೆಗೆ ಹೋದ. ಯಂತ್ರದ ಅಯಸ್ಕಾಂತ ಸಿಲಿಂಡರನ್ನು ಎಳೆದುಕೊಂಡಿತು, ಆತ ಪ್ರಾಣ ಕಳೆದುಕೊಂಡ. ಸ್ಕ್ಯಾನ್ ನಡೆಯದೆ ಇದ್ದಾಗಲೂ ಆ ಅಯಸ್ಕಾಂತ ಕೆಲಸ ಮಾಡುತ್ತಲೇ ಇರುತ್ತದೆ. ಸಿಲಿಂಡರ್, ಮಾಮೂಲಿ ವೀಲ್‌ಚೇರ್, ಕೀ, ಮೊಬೈಲ್ ಯಾವುದೂ ಒಳಗೆ ಹೋಗಬಾರದು. ತಾಳಿ, ಕಾಲುಂಗುರ ತೆಗೆಯಲು ಅಮ್ಮಂದಿರಿಗೆ ಮನಸ್ಸು ಬರುವುದಿಲ್ಲ. ಅರಿಶಿನ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಕೊಟ್ಟರೆ ಎಷ್ಟೋ ಜನ ಒಪ್ಪುತ್ತಾರೆ. ಚಿನ್ನವನ್ನು ಮನೆಯವರ ಕೈಗೇ ಕೊಟ್ಟು ಸಹಿ ಹಾಕಿಸಿಕೊಳ್ಳಿ.

ಗೇಟಿನ ಬಳಿ "ಬೆಡ್ ಕೊಡಿಸ್ತೀನಿ, ಬೇಗ ಸ್ಕ್ಯಾನಿಂಗ್ ಮಾಡಿಸ್ತೀನಿ" ಅನ್ನುವವರಿಗೆ ಒಂದು ರೂಪಾಯಿ ಕೊಡಬೇಡಿ. ದುಡ್ಡು ಕೌಂಟರಿನಲ್ಲಿ ಮಾತ್ರ, ರಸೀದಿ ಸಮೇತ.

ಹೆಜ್ಜೆ 5: ಮಗು, ಹೆಣ್ಣುಮಕ್ಕಳು, ಗೊಂದಲದಲ್ಲಿರುವ ಹಿರಿಯರು

2020ರಲ್ಲಿ ಬೆಂಗಳೂರಿನ ಹೆರಿಗೆ ಆಸ್ಪತ್ರೆಯೊಂದರಿಂದ ಹಸುಗೂಸು ಕಳವಾಯಿತು. ಪೊಲೀಸರು ಮಗುವನ್ನು ಪತ್ತೆ ಹಚ್ಚಿದ್ದು ಮರುವರ್ಷ. ಬಾಣಂತಿಗೆ, ಜೊತೆಗಿರುವ ಅಜ್ಜಿಗೆ ಒಂದೇ ನಿಯಮ ಹೇಳಿಕೊಡಿ: ಬಿಳಿ ಕೋಟು ಹಾಕಿದವರಿರಲಿ, ಯಾರೇ ಇರಲಿ, ಮಗುವನ್ನು ಒಬ್ಬರ ಕೈಗೇ ಬಿಟ್ಟುಕೊಡಬೇಡಿ. ಇಂಜೆಕ್ಷನ್‌ಗೆ, ತೂಕಕ್ಕೆ, ಪರೀಕ್ಷೆಗೆ ಕರೆದುಕೊಂಡು ಹೋದರೆ ನೀವೂ ಹಿಂದೆ ಹೋಗಿ. ವಾಪಸ್ ಬಂದಾಗ ತಾಯಿ ಮಗುವಿನ ಬ್ಯಾಂಡ್ ನಂಬರ್ ಹೋಲಿಸಿ. ಮಗು ಕಾಣುತ್ತಿಲ್ಲ ಅಂದ ಕ್ಷಣದಲ್ಲಿ ಸಿಬ್ಬಂದಿ ಮೊದಲು ಗೇಟ್ ಮುಚ್ಚಿಸಬೇಕು, ಹುಡುಕಾಟ ಅದರ ಜೊತೆಗೆ.

ಪುರುಷ ಡಾಕ್ಟರು ಮಹಿಳೆಯನ್ನು ಪರೀಕ್ಷಿಸುವಾಗ ಇನ್ನೊಬ್ಬ ಮಹಿಳೆ ಜೊತೆಗಿರಬೇಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ ಇದು ಸ್ಪಷ್ಟವಾಗಿದೆ. ಇದು ಡಾಕ್ಟರಿಗೂ ರಕ್ಷಣೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ಸರ್ಕಾರಿ, ಖಾಸಗಿ ಯಾವ ಆಸ್ಪತ್ರೆಯಾದರೂ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಎಫ್‌ಐಆರ್ ತನ್ನಿ ಆಮೇಲೆ ನೋಡ್ತೀವಿ ಅನ್ನುವಂತಿಲ್ಲ. ಸಹಾಯವಾಣಿ ಮಕ್ಕಳಿಗೆ 1098, ಮಹಿಳೆಯರಿಗೆ 181.

ಆಪರೇಷನ್ ಆದ ಹಿರಿಯರು ರಾತ್ರಿ ಇದ್ದಕ್ಕಿದ್ದಂತೆ ಡ್ರಿಪ್ ಕಿತ್ತು, ಹೊಡೆಯಲು ಬರಬಹುದು. ಇದು ಕೆಟ್ಟ ಬುದ್ಧಿ ಅಲ್ಲ, ಕಾಯಿಲೆಯ ಗೊಂದಲ. ಕಟ್ಟಿಹಾಕುವ ಮುಂಚೆ ಲೈಟ್ ಹಾಕಿ, ಕನ್ನಡಕ, ಕಿವಿಯಂತ್ರ ಕೊಡಿ, ಮನೆಯವರ ಧ್ವನಿ ಕೇಳಿಸಿ. ಡಾಕ್ಟರು ಕಾರಣ ಹುಡುಕಲಿ: ಸೋಂಕು, ಮೂತ್ರ ಕಟ್ಟಿರುವುದು, ಸೋಡಿಯಂ ಇಳಿದಿರುವುದು, ನೋವು.

ಹೆಜ್ಜೆ 6: ಮಾತು ಜೋರಾದಾಗ

ರಾತ್ರಿ, ಐಸಿಯು ಬಾಗಿಲ ಹೊರಗೆ. ಸಂಜೆ 6ಕ್ಕೆ ಒಳಗೆ ಹೋದ ತಂದೆಯ ಬಗ್ಗೆ 10 ಗಂಟೆಯಾದರೂ ಸುದ್ದಿಯಿಲ್ಲ. ಮಗ ಬಾಗಿಲು ತಟ್ಟುತ್ತಾನೆ. ಬಾಗಿಲು ಒಂದು ಗೇಣು ತೆರೆದು "ಡಾಕ್ಟರ್ ಬರ್ತಾರೆ, ವೇಟ್ ಮಾಡಿ" ಅಂತ ಹೇಳಿ ಮುಚ್ಚುತ್ತಾರೆ. ಅಷ್ಟರಲ್ಲಿ ಬಿಲ್ಲಿಂಗ್‌ನಿಂದ ಫೋನ್: "ಇನ್ನೂ ಅಡ್ವಾನ್ಸ್ ಕಟ್ಟಬೇಕು." ಊರಿನಿಂದ ಬಂದ ನೆಂಟರು ಸುತ್ತ ನಿಂತಿದ್ದಾರೆ. ಇಲ್ಲಿಂದ ಗಾಜು ಒಡೆಯುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ಅದೇ ನರ್ಸ್ ಹೊರಗೆ ಬಂದು ಹೀಗೆ ಹೇಳಿದರೆ ನೋಡಿ: "ಅಣ್ಣ, ನಿಮ್ಮ ತಂದೆಯವರಿಗೆ ಬಿಪಿ ಕಡಿಮೆ ಇದೆ, ಅದಕ್ಕೆ ಔಷಧಿ ಹೋಗ್ತಾ ಇದೆ. ಡಾಕ್ಟರು ಅವರ ಪಕ್ಕದಲ್ಲೇ ಇದ್ದಾರೆ, ಅದಕ್ಕೇ ಹೊರಗೆ ಬಂದಿಲ್ಲ. ಹತ್ತೂವರೆಗೆ ನಾನೇ ಬಂದು ಹೇಳ್ತೀನಿ. ಹೊಸ ಸುದ್ದಿ ಇಲ್ಲದಿದ್ದರೂ ಬರ್ತೀನಿ." ಇದರಲ್ಲಿ ಮೂರು ವಿಷಯ ಇದೆ. ಈಗ ಏನಾಗುತ್ತಿದೆ, ಡಾಕ್ಟರು ಯಾಕೆ ಬಂದಿಲ್ಲ, ಮುಂದೆ ಯಾವಾಗ ಯಾರು ಹೇಳುತ್ತಾರೆ. ಹತ್ತೂವರೆಗೆ ಬರುತ್ತೇನೆ ಅಂದ ಮೇಲೆ ಬರಲೇಬೇಕು. ಆಗದಿದ್ದರೆ ಬೇರೆಯವರನ್ನಾದರೂ ಕಳಿಸಬೇಕು. ಜನ ಕೆಟ್ಟ ಸುದ್ದಿಯನ್ನು ತಡೆದುಕೊಳ್ಳುತ್ತಾರೆ. ಏನೂ ಗೊತ್ತಿಲ್ಲದೆ ಕೂತಿರುವುದನ್ನು ತಡೆದುಕೊಳ್ಳುವುದಿಲ್ಲ.

ಸಾವಿನ ಸುದ್ದಿಯನ್ನು ಕಾರಿಡಾರಿನಲ್ಲಿ ನಿಂತು ಹೇಳಬೇಡಿ. ಕೂರಲು ಜಾಗ ಇರುವ ಕೋಣೆಗೆ ಕರೆಯಿರಿ. ಹಿರಿಯ ಡಾಕ್ಟರೇ ಹೇಳಲಿ, ಜೊತೆಗೆ ಒಬ್ಬ ನರ್ಸ್ ಇರಲಿ. "ತೀರಿಕೊಂಡರು" ಅಂತ ಸ್ಪಷ್ಟವಾಗಿ ಹೇಳಿ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ. ಆ ಕೋಣೆಯಲ್ಲಿ ಬಿಲ್ಲಿನ ಮಾತು ಬೇಡವೇ ಬೇಡ. ಬಿಲ್ ಬಾಕಿಯಿದೆ ಅಂತ ಶವ ಕೊಡದೆ ಇಟ್ಟುಕೊಳ್ಳುವುದಂತೂ ರೋಗಿಗಳ ಹಕ್ಕುಗಳ ಪಟ್ಟಿಗೇ ವಿರುದ್ಧ.

ಆದರೂ ಸಿಟ್ಟು ಏರುತ್ತಿದೆ ಅಂದರೆ ಸಿಬ್ಬಂದಿ ಹೀಗೆ ಮಾಡಿ:

ಒಬ್ಬರೇ ನಿಲ್ಲಬೇಡಿ. ಬಾಗಿಲು ನಿಮ್ಮ ಕಡೆ ಇರಲಿ, ಗೋಡೆಗೆ ಸಿಕ್ಕಿಕೊಳ್ಳಬೇಡಿ. ಎರಡು ಕೈ ದೂರ ನಿಲ್ಲಿ. ಭುಜ ಮುಟ್ಟಿ ಸಮಾಧಾನ ಮಾಡುವುದು, ಬೆರಳು ತೋರಿಸುವುದು ಎರಡೂ ಬೇಡ. ವಾದಕ್ಕೆ ಇಳಿಯದೆ ಪೂರ್ತಿ ಕೇಳಿಸಿಕೊಳ್ಳಿ. ಗುಂಪಿನಲ್ಲಿ ಸಮಾಧಾನವಾಗಿರುವ ಹಿರಿಯರೊಬ್ಬರನ್ನು ಹುಡುಕಿ "ನೀವು ಬನ್ನಿ ಯಜಮಾನರೇ, ಕೂತು ಮಾತಾಡೋಣ" ಅನ್ನಿ. ಕುಡಿದವರ ಜೊತೆ, ಕೈಯಲ್ಲಿ ಆಯುಧ ಇರುವವರ ಜೊತೆ ಮಾತೇ ಬೇಡ. ರೋಗಿಗಳಿರುವ ಕಡೆ ಬಾಗಿಲು ಹಾಕಿ, ಅಲ್ಲಿಂದ ಸರಿದು, 112ಕ್ಕೆ ಫೋನ್ ಮಾಡಿ. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಪೊಲೀಸ್ ಔಟ್‌ಪೋಸ್ಟ್ ಇರುತ್ತದೆ, ಅದರ ನಂಬರ್ ಪ್ರತಿ ನರ್ಸಿಂಗ್ ಸ್ಟೇಷನ್ನಿನಲ್ಲೂ ಅಂಟಿಸಿರಲಿ. ಪೊಲೀಸರು ಕರೆತಂದ ವ್ಯಕ್ತಿಯಾದರೂ ಎಚ್ಚರ ಬಿಡಬೇಡಿ. 2023ರ ಮೇನಲ್ಲಿ ಕೇರಳದ ಕೊಟ್ಟಾರಕ್ಕರದಲ್ಲಿ ಚಿಕಿತ್ಸೆಗೆಂದು ಪೊಲೀಸರೇ ಕರೆತಂದವನು ಯುವ ವೈದ್ಯೆಯನ್ನು ಇರಿದು ಕೊಂದ. ಅಂಥವರ ಕೈಗೆ ಸಿಗುವಂತೆ ಕತ್ತರಿ, ಬ್ಲೇಡಿನ ಟ್ರೇ ಇಡಬೇಡಿ.

ಮನೆಯವರಿಗೂ ನನ್ನದೊಂದು ಬೇಡಿಕೆ. ನಿಮ್ಮ ಗುಂಪಿನಲ್ಲಿ ಯಾರಾದರೂ ಕೂಗಾಡಲು ಶುರು ಮಾಡಿದರೆ ಅವರನ್ನು ಮೊದಲು ನೀವೇ ಹೊರಗೆ ಕರೆದುಕೊಂಡು ಹೋಗಿ. ಜಗಳ ಬಿಡಿಸಲು ಬಂದ ನರ್ಸ್ ನಿಮ್ಮ ರೋಗಿಯ ಪಕ್ಕದಿಂದಲೇ ಎದ್ದು ಬಂದವರು. ವಾರ್ಡಿನೊಳಗೆ ವಿಡಿಯೋ ಮಾಡಬೇಡಿ, ಅದರಲ್ಲಿ ಬೇರೆಯವರ ಮನೆಯ ರೋಗಿಗಳೂ ಬೀಳುತ್ತಾರೆ. ಕರ್ನಾಟಕದಲ್ಲಿ 2009ರಿಂದಲೂ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಗೆ ಪ್ರತ್ಯೇಕ ಕಾಯ್ದೆ ಇದೆ. ಜಾಮೀನು ಸುಲಭವಾಗಿ ಸಿಗದ ಕೇಸು, ಜೈಲು ಶಿಕ್ಷೆ, ಒಡೆದ ವಸ್ತುವಿಗೆ ಎರಡು ಪಟ್ಟು ದಂಡ. ತಂದೆ ಐಸಿಯುನಲ್ಲಿರುವಾಗ ಮಗ ಠಾಣೆಯಲ್ಲಿರುವುದು ಯಾರಿಗೂ ಬೇಡ.

ಹೆಜ್ಜೆ 7: ಆಸ್ಪತ್ರೆ ನಡೆಸುವವರು ಸಿಬ್ಬಂದಿಗೆ ಮಾಡಿಕೊಡಬೇಕಾದದ್ದು

2024ರ ಆಗಸ್ಟ್ 9ರಂದು ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿಯ ವೈದ್ಯೆಯ ಅತ್ಯಾಚಾರ, ಕೊಲೆ ಆಯಿತು. ಆಕೆ ವಿಶ್ರಾಂತಿಗೆ ಹೋಗಿದ್ದು ಸೆಮಿನಾರ್ ಹಾಲಿಗೆ. ಅಂದ ಮೇಲೆ ಮೊದಲು ನೋಡಬೇಕಾದದ್ದು ಡ್ಯೂಟಿ ರೂಮ್. ವಾರ್ಡಿಗೆ ಹತ್ತಿರ ಇರಲಿ, ಒಳಗಿನಿಂದ ಚಿಲಕ ಬೀಳಲಿ, ಹೆಣ್ಣುಮಕ್ಕಳಿಗೆ ಬೇರೆ ಇರಲಿ, ಟಾಯ್ಲೆಟ್ ಪಕ್ಕದಲ್ಲೇ ಇರಲಿ. ಲ್ಯಾಬಿಗೆ, ಬ್ಲಡ್ ಬ್ಯಾಂಕಿಗೆ ಹೋಗುವ ದಾರಿಯಲ್ಲಿ ಲೈಟ್ ಉರಿಯುತ್ತಿರಲಿ. ಇದನ್ನು ಫೈಲಿನಲ್ಲಿ ನೋಡಬೇಡಿ. ರಾತ್ರಿ 2 ಗಂಟೆಗೆ ನೀವೇ ಆ ದಾರಿಯಲ್ಲಿ ನಡೆದು ನೋಡಿ.

ಆ ಘಟನೆಯ ನಂತರ ಕೇಂದ್ರ ಆರೋಗ್ಯ ಇಲಾಖೆ ತನ್ನ ಆಸ್ಪತ್ರೆಗಳಿಗೆ, ಡ್ಯೂಟಿಯಲ್ಲಿ ಹಲ್ಲೆಯಾದರೆ 6 ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ಎಫ್‌ಐಆರ್ ಹಾಕಿಸಬೇಕು ಅಂತ ಸೂಚಿಸಿತು. ಉಳಿದ ಆಸ್ಪತ್ರೆಗಳೂ ಇದನ್ನೇ ಪಾಲಿಸಲಿ. ಪೆಟ್ಟು ತಿಂದ ನರ್ಸ್ ಒಬ್ಬಳೇ ಠಾಣೆಯ ಬೆಂಚಿನ ಮೇಲೆ ಕೂರಬಾರದು.

10 ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಲೇಬೇಕು, 2013ರ ಕಾಯ್ದೆ. ದೂರು 3 ತಿಂಗಳೊಳಗೆ. ಗುತ್ತಿಗೆಯ ಆಯಾ, ಹೌಸ್‌ಕೀಪಿಂಗ್ ಅಕ್ಕಂದಿರು, ನರ್ಸಿಂಗ್ ವಿದ್ಯಾರ್ಥಿನಿಯರು ಎಲ್ಲರೂ ಇದರಡಿ ಬರುತ್ತಾರೆ. ಅವರಿಗೆ ಇದು ಗೊತ್ತೇ ಇರುವುದಿಲ್ಲ, ಕೂರಿಸಿಕೊಂಡು ಕನ್ನಡದಲ್ಲಿ ಹೇಳಿ.

ಸೂಜಿ ಚುಚ್ಚಿದರೆ ಗಾಯವನ್ನು ಹಿಂಡಬೇಡಿ, ಬಾಯಲ್ಲಿ ಚೀಪಬೇಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ. ತಕ್ಷಣ ಇನ್‌ಚಾರ್ಜಿಗೆ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, 2 ಗಂಟೆಯೊಳಗಾದರೆ ಉತ್ತಮ, 72 ಗಂಟೆ ದಾಟಬಾರದು. 28 ದಿನ ತೆಗೆದುಕೊಳ್ಳಬೇಕು. ಹೆಪಟೈಟಿಸ್ ಬಿ ಲಸಿಕೆ ಮೂರೂ ಡೋಸ್ ಕೆಲಸಕ್ಕೆ ಸೇರುವಾಗಲೇ ಶುರುವಾಗಲಿ, ಕಸ ಎತ್ತುವವರಿಗೂ. ಬಹಳ ಸಲ ಸೂಜಿ ಚುಚ್ಚುವುದು ಅವರಿಗೇ, ಬಿಳಿ ಡಬ್ಬಕ್ಕೆ ಹೋಗಬೇಕಾದ ಸೂಜಿ ಯಾರೋ ಬೇರೆ ಕವರಿಗೆ ಹಾಕಿರುತ್ತಾರೆ.

ಮನಸ್ಸು ಕುಗ್ಗಿದ್ದರೆ 14416 ಟೆಲಿ ಮಾನಸ್‌ಗೆ ಫೋನ್ ಮಾಡಿ. ಕನ್ನಡದಲ್ಲಿ ಮಾತಾಡಬಹುದು, ಉಚಿತ. ಇದು ಮನೆಯವರಿಗೂ ಅನ್ವಯಿಸುತ್ತದೆ.

ಹೆಜ್ಜೆ 8: ಬೆಂಕಿ

2011ರ ಡಿಸೆಂಬರಿನಲ್ಲಿ ಕೋಲ್ಕತ್ತಾದ ಎಎಂಆರ್‌ಐ ಆಸ್ಪತ್ರೆಯಲ್ಲಿ ಬೆಂಕಿ ಹತ್ತಿದ್ದು ನೆಲಮಾಳಿಗೆಯಲ್ಲಿ. ಮೇಲಿನ ಮಹಡಿಗಳಲ್ಲಿ ಮಲಗಿದ್ದವರು ಹೆಚ್ಚಾಗಿ ಸತ್ತಿದ್ದು ಹೊಗೆಯಿಂದ. ಅಡ್ಮಿಟ್ ಆದ ದಿನವೇ ಮೆಟ್ಟಿಲು ಎಲ್ಲಿದೆ ನೋಡಿಕೊಳ್ಳಿ, ಆ ಬಾಗಿಲಿಗೆ ಬೀಗ ಹಾಕಿದ್ದರೆ ದೂರು ಕೊಡಿ. ಹೊಗೆ ಬಂದರೆ ಲಿಫ್ಟ್ ಬೇಡ, ಬಗ್ಗಿಕೊಂಡು ನಡೆಯಿರಿ, ದಾಟಿದ ಬಾಗಿಲು ಮುಚ್ಚುತ್ತಾ ಹೋಗಿ. ನಡೆಯಲಾಗದವರನ್ನು ಬೆಡ್‌ಶೀಟ್ ಸಮೇತ ನೆಲದ ಮೇಲೆ ಎಳೆದುಕೊಂಡು ಹೋಗಬಹುದು. ಆಕ್ಸಿಜನ್ ವಾಲ್ವ್ ಎಲ್ಲಿದೆ, ಯಾರು ಮುಚ್ಚುತ್ತಾರೆ ಅನ್ನೋದು ಪ್ರತಿ ಶಿಫ್ಟಿನ ಸಿಬ್ಬಂದಿಗೂ ಗೊತ್ತಿರಬೇಕು.

ಹೆಜ್ಜೆ 9: ಏನೋ ತಪ್ಪಾಗಿದೆ ಅನ್ನಿಸಿದರೆ

ಮೊದಲು ವಾರ್ಡ್ ಇನ್‌ಚಾರ್ಜ್ ಸಿಸ್ಟರ್, ಆಮೇಲೆ ಮೆಡಿಕಲ್ ಸೂಪರಿಂಟೆಂಡೆಂಟ್. ಬಾಯಿ ಮಾತಲ್ಲ, ಬರೆದುಕೊಟ್ಟು ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ನೋಟ್‌ಬುಕ್ಕಿನಲ್ಲಿ ದಿನಾಂಕ, ಸಮಯ ಬರೆದಿಟ್ಟಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕೇಸ್ ಶೀಟಿನ ಪ್ರತಿ ಬೇಕು ಅಂತ ಅರ್ಜಿ ಕೊಟ್ಟರೆ 72 ಗಂಟೆಯೊಳಗೆ ಕೊಡಬೇಕು.

ಅಲ್ಲಿ ಆಗದಿದ್ದರೆ ದಾರಿಗಳು ಬೇರೆ ಬೇರೆ. ಸರ್ಕಾರಿ ಆಸ್ಪತ್ರೆಯಾದರೆ 1902, ರಾಜ್ಯ ಸರ್ಕಾರದ ಜನಸ್ಪಂದನ ದೂರು ಸಹಾಯವಾಣಿ. ಖಾಸಗಿಯಾದರೆ ಕೆಪಿಎಂಇ ಕಾಯ್ದೆಯ ಕೆಳಗೆ ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರ. ಡಾಕ್ಟರ ನಡತೆ, ನಿರ್ಲಕ್ಷ್ಯದ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತು. ಪರಿಹಾರದ ಹಣ ಬೇಕಾದರೆ ಗ್ರಾಹಕರ ಆಯೋಗ, 2 ವರ್ಷದೊಳಗೆ. ಔಷಧಿಯಿಂದ ಅಡ್ಡ ಪರಿಣಾಮವಾದರೆ 1800-180-3024ಕ್ಕೆ ರೋಗಿಯ ಮನೆಯವರೇ ತಿಳಿಸಬಹುದು, ದುಡ್ಡು ಬೇಕಿಲ್ಲ. ನಿಮ್ಮ ಒಂದು ಫೋನಿನಿಂದ ಬೇರೆ ಊರಿನ ಇನ್ನೊಬ್ಬರು ಉಳಿಯಬಹುದು.

ಹೆಜ್ಜೆ 10: ಡಿಸ್ಚಾರ್ಜ್

ಬಿಲ್ ಕಟ್ಟುವ ಗಡಿಬಿಡಿಯಲ್ಲಿ ಡಿಸ್ಚಾರ್ಜ್ ಸಮರಿಯನ್ನು ಕವರಿಗೆ ಹಾಕಿಕೊಂಡು ಹೊರಟುಬಿಡುತ್ತಾರೆ. ಕೂತು ಓದಿಸಿಕೊಳ್ಳಿ. ಹಳೆಯ ಮಾತ್ರೆಯಲ್ಲಿ ಯಾವುದು ನಿಲ್ಲಿಸಬೇಕು, ಯಾವುದು ಮುಂದುವರಿಸಬೇಕು? ಇದನ್ನು ಕೇಳದೆ ಹೋದವರು ಒಂದೇ ಔಷಧಿಯನ್ನು ಎರಡು ಕಂಪನಿಯ ಹೆಸರಿನಲ್ಲಿ ಎರಡೆರಡು ಸಲ ನುಂಗುತ್ತಾರೆ. ಹೊಲಿಗೆ ಯಾವತ್ತು ಬಿಚ್ಚಬೇಕು, ಏನಾದರೆ ತಕ್ಷಣ ವಾಪಸ್ ಬರಬೇಕು, ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು, ಇಷ್ಟನ್ನೂ ನೋಟ್‌ಬುಕ್ಕಿನಲ್ಲಿ ಬರೆಸಿಕೊಳ್ಳಿ. ಆಮೇಲೆ ಸಿಸ್ಟರಿಗೆ ನೀವೇ ಒಂದು ಸಲ ಒಪ್ಪಿಸಿ, ತಪ್ಪಿದ್ದರೆ ಅವರು ತಿದ್ದುತ್ತಾರೆ.

ಮನೆಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರು ಸೂಜಿಯನ್ನು ಹಸಿ ಕಸಕ್ಕೂ ಒಣ ಕಸಕ್ಕೂ ಹಾಕಬೇಡಿ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕುತ್ತಾ ಬನ್ನಿ. ಮುಕ್ಕಾಲು ತುಂಬಿದ ಮೇಲೆ ಮುಚ್ಚಳ ಬಿಗಿದು, ಟೇಪ್ ಸುತ್ತಿ, ಮೇಲೆ "ಸೂಜಿ" ಅಂತ ಬರೆಯಿರಿ. ಬೆಳಗ್ಗೆ ಆಟೋ ಟಿಪ್ಪರ್ ಬಂದಾಗ ಬೇರೆಯಾಗಿ ಪೌರಕಾರ್ಮಿಕರಿಗೆ ಕೊಟ್ಟು, ಒಳಗೆ ಏನಿದೆ ಅಂತ ಬಾಯಿಬಿಟ್ಟು ಹೇಳಿ.